ಅರಿಶಿಣಿಯ ಮೈಮೇಲಿನ ಚುಕ್ಕೆ

ನಮ್ಮೂರಿಗೆ ಸಮುದ್ರ ಬರುವುದು ವರ್ಷಕ್ಕೊಮ್ಮೆ, ಕಾರ್ತಿಕ ಕಳೆದ ಮೇಲೆ, ಹಾಡುಹಗಲು. ಉಳಿದ ದಿನ ಅದು ಎಲ್ಲಿರುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ; ಊರಿನ ಯಾವ ದಿಕ್ಕಿಗೆ ಮೂರು ದಿನ ನಡೆದರೂ ಜಾಲಿ ಗಿಡ, ಸುಣ್ಣದ ಕಲ್ಲು, ಮತ್ತೆ ಜಾಲಿ ಗಿಡ. ಆ ದಿನ ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಅಕ್ಕಿ ಬೇಳೆಯ ಡಬ್ಬಗಳನ್ನು ಅಟ್ಟಕ್ಕೇರಿಸಿ, ಚಾಪೆಗಳನ್ನು ಸುತ್ತಿಟ್ಟು, ಬಾಗಿಲು ತೆರೆದು ಮನೆಯವರೆಲ್ಲ ಬೆಂಚಿನ ಮೇಲೆ ನಿಲ್ಲುತ್ತೇವೆ. ಸಮುದ್ರ ಬೀದಿಯಲ್ಲಿ ಬಂದು ಒಂದೊಂದೇ ಮನೆ ಹೊಕ್ಕು, ನಡುಮನೆಯ ಗೋಡೆಯಲ್ಲಿರುವ ಗಾಜಿನ ತೊಟ್ಟಿಯ ಎತ್ತರಕ್ಕೆ ಏರಿ, ಒಳಗಿನ ಮೀನನ್ನು ನೋಡುತ್ತದೆ. ತನ್ನ ಮೀನು ಉಸಿರಾಡುತ್ತಿದ್ದರೆ ಬಂದ ದಾರಿಯಲ್ಲೇ ಹೋಗುತ್ತದೆ. ಇಲ್ಲದಿದ್ದರೆ ಆ ಮೀನು ಕೊನೆಯ ಸಲ ಯಾರ ಕೈಯಿಂದ ತಿಂದಿತ್ತೋ ಅವರನ್ನು ಕರೆದುಕೊಂಡು ಹೋಗುತ್ತದೆ.

ಹೀಗೆ ಉಣಿಸುವವರನ್ನು ಮನೆಯ ಕೈ ಎನ್ನುತ್ತೇವೆ. ನಾನು ಇಪ್ಪತ್ತೆಂಟು ವರ್ಷ ನಮ್ಮ ಮನೆಯ ಕೈಯಾಗಿದ್ದೆ. ಮದುವೆಯಾಗಿ ಬಂದ ಎರಡನೆಯ ದಿನ ನಮ್ಮತ್ತೆ ಮೀನಿನ ಆಹಾರದ ಭರಣಿಯನ್ನು ನನ್ನ ಮಡಿಲಿಗಿಟ್ಟು, ಅರಿಶಿಣಿಗೆ ನನ್ನಿಂದ ಒಂದು ಚಿಟಿಕೆ ಹಾಕಿಸಿ, ಆವತ್ತೇ ಮಧ್ಯಾಹ್ನ ಗೊರಕೆ ಹೊಡೆದು ಮಲಗಿದರು. ಸೊಸೆ ಬಂದ ಮರುದಿನವೇ ಹೀಗೆ ಕಾಲು ಚಾಚಿದರಲ್ಲ, ಎಂಥ ಹೆಂಗಸಪ್ಪಾ ಎಂದು ನನಗೆ ಸಿಟ್ಟು ಬಂದಿತ್ತು. ಅದು ಎಷ್ಟು ವರ್ಷ ಬಾಕಿಯಿದ್ದ ನಿದ್ದೆ ಎಂದು ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ಅರಿಶಿಣಿ ಎಂದರೆ ನಮ್ಮ ಮೀನು. ಅಂಗೈಯಗಲದ ಚಪ್ಪಟೆ ಮೈ, ತುದಿಯಿಂದ ತುದಿಗೆ ಹಳದಿ, ಮುಖದಲ್ಲಿ ಸದಾ ಮುನಿಸು.

ಭಯ ಎಂದರೇನೆಂದು ನಾನು ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ, ತವರಿನ ಪಕ್ಕದ ಮನೆಯಲ್ಲಿ. ಆ ಮನೆಯ ಕೈ ತುಂಗಮ್ಮ. ಸಮುದ್ರ ಬರಲು ಎರಡು ದಿನವಿದೆ ಎನ್ನುವಾಗ ಅವರ ಮೀನು ಸತ್ತು ತೇಲಿತು. ಎಲ್ಲಿಂದಲೋ ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದನ್ನು ತಂದು ಬಿಟ್ಟರು. ಸಮುದ್ರ ಬಂತು, ನೋಡಿತು, ಹೋಗಲಿಲ್ಲ. ನಮ್ಮ ಮನೆಯ ನೀರು ಇಳಿದು, ನೆಲ ಒರೆಸಿ, ಊಟ ಮುಗಿಸಿದರೂ ಅವರ ನಡುಮನೆಯಲ್ಲಿ ನೀರು ಎದೆಮಟ್ಟ ನಿಂತೇ ಇತ್ತು, ಬಾಗಿಲು ಹಾರು ಹೊಡೆದಿದ್ದರೂ ಒಂದು ಹನಿ ಹೊರಗೆ ಹರಿಯದೆ. ಇಳಿದದ್ದು ಸಂಜೆ. ತುಂಗಮ್ಮನ ಬಳೆಗಳು ಬೆಂಚಿನ ಮೇಲೆ ಸಾಲಾಗಿ ಇದ್ದವು, ಒಂದೂ ಒಡೆದಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಆಕೆ ಒಂದು ಸಲವೂ ಕೂಗಲಿಲ್ಲವಲ್ಲ ಎಂದು ನಮ್ಮಮ್ಮ ಬಹಳ ವರ್ಷ ಹೇಳುತ್ತಿದ್ದಳು.

ಊರು ಬಿಟ್ಟು ಓಡಿಹೋದವರೂ ಇದ್ದರಂತೆ. ಅವರು ಹೋಗಿ ಸೇರಿದ ಊರಿನ ಬಾಗಿಲಲ್ಲೂ ಮೂರನೆಯ ದಿನ ಉಪ್ಪುನೀರು ನಿಂತಿತ್ತು ಎಂದು ಕೇಳಿದ್ದೇನೆ. ಹಾಗಾಗಿ ನಾವು ಓಡುವುದಿಲ್ಲ, ಮೀನು ನೋಡಿಕೊಳ್ಳುತ್ತೇವೆ.

ನನ್ನ ಒಬ್ಬನೇ ಮಗ ಭುಜಂಗ ಸುಣ್ಣದ ಗೂಡಿನಲ್ಲಿ ಮೇಸ್ತ್ರಿ. ಅವನ ಮದುವೆಗೆ ನಾನು ಮಾಡಿದ ಗಡಿಬಿಡಿ ನೋಡಿ ಬೀದಿಯವರು ನಕ್ಕರು. ಎದುರುಮನೆಯ ಸೀತಾಳಮ್ಮನಂತೂ, "ಏನೇ ರುಕ್ಕಮ್ಮ, ಮದ್ವೆ ನಿನ್ನ ಮಗಂದೋ ನಿಂದೋ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. ನಾನೂ ನಕ್ಕೆ. ನನಗೆ ಸೊಸೆ ಬೇಕಾಗಿತ್ತು ಎಂಬುದು ನಿಜ. ಭರಣಿಯನ್ನು ಇನ್ನೊಬ್ಬರ ಮಡಿಲಿಗಿಟ್ಟು ಒಂದು ಮಧ್ಯಾಹ್ನ ಮಲಗಬೇಕಾಗಿತ್ತು ಎಂಬುದು ಇನ್ನೂ ನಿಜ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಮದುವೆಗೆ ಕರೆಯುವುದೆಂದರೆ ನಮ್ಮಲ್ಲಿ ಅಕ್ಷತೆ ಕೊಟ್ಟು ಬರುವುದಲ್ಲ. ನಮ್ಮ ತೊಟ್ಟಿಯ ನೀರನ್ನು ಕೊಡದಲ್ಲಿ ಹೊತ್ತು ಮನೆಮನೆಗೂ ಹೋಗಿ ಅವರ ತೊಟ್ಟಿಗೆ ಒಂದು ಚೊಂಬು ಸುರಿಯಬೇಕು. ಅವರ ತೊಟ್ಟಿಯಿಂದ ಒಂದು ಚೊಂಬು ತಂದು ನಮ್ಮದಕ್ಕೆ ಸೇರಿಸಬೇಕು. ಮದುಮಗಳು ತವರಿನ ತೊಟ್ಟಿಯಿಂದ ಒಂದು ಬಿಂದಿಗೆ ತುಂಬಿಕೊಂಡು ಬರಬೇಕು. ಸಂಬಂಧ ಗಟ್ಟಿಯಾಗಲಿ ಎಂದು ಮಾಡಿದ ಪದ್ಧತಿ. ನಾನು ನಲವತ್ತು ಮನೆ ಕರೆದೆ, ನಲವತ್ತು ಚೊಂಬು ನೀರು ತಂದು ಅರಿಶಿಣಿಯ ತಲೆಯ ಮೇಲೆ ಸುರಿದೆ. ಆವತ್ತು ನನಗೆ ಬಹಳ ಸಂತೋಷವಾಗಿತ್ತು.

ಧಾರೆಗೆ ಎರಡು ದಿನ ಇರುವಾಗ ಅರಿಶಿಣಿಯ ರೆಕ್ಕೆಯ ಬುಡದಲ್ಲಿ ಮೂರು ಬಿಳಿ ಚುಕ್ಕೆ ಕಂಡವು. ರವೆ ಅಂಟಿಕೊಂಡ ಹಾಗಿದ್ದವು. ಮೀನು ತೊಟ್ಟಿಯೊಳಗಿನ ಕರಿಕಲ್ಲಿಗೆ ಪಕ್ಕೆಯನ್ನು ಒಂದು ಸಲ ಉಜ್ಜಿ, ಏನೂ ಆಗದಂತೆ ಆಚೆ ಹೋಯಿತು. ಮನೆತುಂಬ ನೆಂಟರು, ಅಂಗಳದಲ್ಲಿ ಚಪ್ಪರ, ಒಳಗೆ ಲಾಡು ಕಟ್ಟುವವರ ಮಾತು. ನಾನು ತೊಟ್ಟಿಯ ಮುಂದೆ ಒಂದು ಸೀರೆ ಇಳಿಬಿಟ್ಟು, ದೃಷ್ಟಿಯಾಗಬಾರದೆಂದು ಎಲ್ಲರಿಗೂ ಹೇಳಿದೆ. ಧಾರೆಯ ದಿನ ಸೀರೆ ಸರಿಸಿ ನೋಡಿದರೆ ಚುಕ್ಕೆಗಳಿಲ್ಲ, ಮೈ ಸ್ವಚ್ಛ ಹಳದಿ. ಹೋಯಿತಲ್ಲ ಎಂದುಕೊಂಡೆ. ಅದನ್ನು ನಂಬುವುದಕ್ಕೆ ನಾನು ಬಹಳ ಪ್ರಯತ್ನಪಟ್ಟೆ.

ಮರುದಿನ ಭರಣಿಯನ್ನು ಸೊಸೆ ಬಕುಳೆಯ ಮಡಿಲಿಗಿಟ್ಟೆ. ಅವಳು ತವರಿನ ಬಿಂದಿಗೆಯ ನೀರನ್ನು ತೊಟ್ಟಿಗೆ ಸುರಿದು, ಒಂದು ಚಿಟಿಕೆ ಆಹಾರವನ್ನು ಬೆರಳ ತುದಿಯಲ್ಲಿ ನೀರಿನೊಳಗೆ ಹಿಡಿದಳು. ಅರಿಶಿಣಿ ಬಂದು ಕಚ್ಚಿ ತಿಂದಿತು. ನಾನು ಒಳಕೋಣೆಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ.

ಒಂಬತ್ತು ದಿನಕ್ಕೆ ಅದು ಮತ್ತೆ ಬಂತು. ಮೂರಲ್ಲ, ಮೂವತ್ತಲ್ಲ, ಹಳದಿಯೇ ಕಾಣದಷ್ಟು. ಮೀನು ಕರಿಕಲ್ಲಿಗೆ, ಗಾಜಿಗೆ, ಮರಳಿಗೆ ಮೈ ತಿಕ್ಕುತ್ತಿತ್ತು. ಕಿವಿರು ಎಷ್ಟು ಬೇಗ ಬಡಿಯುತ್ತಿತ್ತೆಂದರೆ ನೋಡುತ್ತ ನಿಂತವರಿಗೂ ಏದುಸಿರು ಬರುವಂತಿತ್ತು. ಸಮುದ್ರ ಬರಲು ಇಪ್ಪತ್ತೆರಡು ದಿನ ಉಳಿದಿತ್ತು.

ಇಂಥ ಸುದ್ದಿ ಬೀದಿ ದಾಟಲು ಹೊತ್ತು ಬೇಕಿಲ್ಲ. ಸೀತಾಳಮ್ಮ ಬಂದು ಗಾಜಿಗೆ ಮೂಗು ತಾಗಿಸಿ ನೋಡಿ, ಬಕುಳೆ ಅಲ್ಲೇ ನಿಂತಿದ್ದರೂ ಲೆಕ್ಕಿಸದೆ, "ಸೊಸೆ ತಂದ ಬಿಂದಿಗೆ ನೀರು ಕಣೇ ಇದು. ಅವಳ ತವರಲ್ಲಿ ಹಿಂದೆನೂ ಹಿಂಗೇ ಆಗಿತ್ತಂತೆ," ಎಂದಳು. ಬಕುಳೆ ನನ್ನ ಮುಖ ನೋಡಿದಳು. ನಾನು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. "ಏನೋಪ್ಪ, ಯಾರಿಗ್ಗೊತ್ತು," ಎಂದೆ. ಇಡೀ ಬದುಕಿನಲ್ಲಿ ನಾನಾಡಿದ ಮಾತುಗಳಲ್ಲಿ ಅಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಊರಿನ ಮದ್ದು ಒಂದೊಂದಾಗಿ ಮನೆಗೆ ಬಂತು. ಒಬ್ಬರು ಬೇವಿನ ಸೊಪ್ಪು ತಂದರು, ಒಬ್ಬರು ಅರಿಶಿನದ ನೀರು, ಇನ್ನೊಬ್ಬರು ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸಲು ಹೇಳಿದರು. ಬಕುಳೆ ಎಲ್ಲರಿಗೂ ಕುಂಕುಮ ಕೊಟ್ಟು ಕಳಿಸಿ, ಯಾವುದನ್ನೂ ತೊಟ್ಟಿಗೆ ಹಾಕಲಿಲ್ಲ. ಸಂತೆಗೆ ಹೋಗಿ ಎರಡು ದೊಡ್ಡ ಪ್ಲಾಸ್ಟಿಕ್ ಟಬ್ಬು, ಮೀನಿನ ಉಪ್ಪು, ಗುಳ್ಳೆ ಬಿಡುವ ಸಣ್ಣ ಮೋಟರು ತಂದಳು. ಕುಡಿಯುವ ನೀರಿನಲ್ಲಿ ಉಪ್ಪು ಕರಗಿಸಿ, ಹದ ನೋಡುವ ಗಾಜಿನ ಕಡ್ಡಿ ತೇಲಿಬಿಟ್ಟು, ಅದು ಗೆರೆಗೆ ಬರುವವರೆಗೂ ಚಿಟಿಕೆ ಚಿಟಿಕೆಯಾಗಿ ಸೇರಿಸಿದಳು. ಆಮೇಲೆ ಬಲೆ ಹಿಡಿದು ತೊಟ್ಟಿಯ ಹತ್ತಿರ ಹೋದಳು.

ನಾನು ಅಡ್ಡ ನಿಂತೆ. ನಮ್ಮಲ್ಲಿ ಮೀನು ಗೋಡೆಯ ತೊಟ್ಟಿಯಿಂದ ಹೊರಗೆ ಬರುವುದು ಸತ್ತಾಗ ಮಾತ್ರ. ಬರಿದಾದ ತೊಟ್ಟಿ ಇರುವ ಮನೆಯ ಮುಂದೆ ಜನ ಚಪ್ಪಲಿ ಕಳಚಿ ನಡೆಯುತ್ತಾರೆ, ಹೆಣ ಇರುವ ಮನೆಯ ಮುಂದೆ ನಡೆಯುವ ಹಾಗೆ.

"ಬೇಡಮ್ಮ, ಬಕುಳಾ. ಇದರೊಳಗೇ ಏನಾದ್ರೂ ಮಾಡು," ಎಂದೆ.

"ಇದರೊಳಗೆ ಏನು ಮಾಡಿದ್ರೂ ಉಳಿಯಲ್ಲ ಅತ್ತೆ," ಎಂದಳು ಅವಳು. ಧ್ವನಿ ಏರಲಿಲ್ಲ. "ಆ ಚುಕ್ಕೆ ಇದೆಯಲ್ಲ, ಅದು ಹುಳ. ಮೀನಿನ ಮೈಮೇಲೆ ಕೂತು ತಿಂದು ಕೊಬ್ಬುತ್ತೆ. ಆಮೇಲೆ ತಾನೇ ಕಳಚಿ ಬೀಳುತ್ತೆ. ವಾಸಿಯಾಯ್ತು ಅಂತ ನಾವು ಅಂದ್ಕೋತೀವಿ. ಅದು ಮರಳಲ್ಲಿ, ಕಲ್ಲಲ್ಲಿ ಅಂಟ್ಕೊಂಡು, ಒಂದು ಹೋಗಿ ನೂರಾಗಿ ಒಡೆದು ಮತ್ತೆ ಮೀನನ್ನ ಹುಡುಕ್ಕೊಂಡು ಬರುತ್ತೆ. ಅದು ಒಡೆಯೋದಕ್ಕೆ ಮುಂಚೆ ಮೀನು ಬೇರೆ ಕಡೆ ಇರಬೇಕು."

"ಎಷ್ಟು ದಿನ?"

"ಮೂರು ದಿನಕ್ಕೊಂದು ಸಲ ಟಬ್ಬು ಬದಲಾಯಿಸ್ಬೇಕು. ಬಿಟ್ಟ ಟಬ್ಬನ್ನ ತೊಳೆದು ಬಿಸಿಲಿಗೆ ಒಣಗಿಸ್ಬೇಕು, ಒಂದು ಹನಿ ಉಳೀಬಾರದು. ಐದು ಸಲ ಹಂಗೆ ಮಾಡಿದ್ರೆ ಮೈ ಶುದ್ಧ. ಗೋಡೆ ತೊಟ್ಟಿ ಮಾತ್ರ ಎರಡೂವರೆ ತಿಂಗಳು ಖಾಲಿ ಇರಬೇಕು. ತಿನ್ನಕ್ಕೆ ಮೀನಿಲ್ಲದೆ ಹುಳ ಹಸಿದು ಸಾಯ್ಬೇಕು."

"ಇಪ್ಪತ್ತೆರಡು ದಿನಕ್ಕೆ ಸಮುದ್ರ ಬರುತ್ತಲ್ಲೇ. ಅದು ನೋಡೋದು ಗೋಡೆ ತೊಟ್ಟಿನ. ಟಬ್ಬನ್ನಲ್ಲ."

"ಆವತ್ತೊಂದು ದಿನ ಒಳಗೆ ಬಿಡೋಣ. ಬೇರೆ ದಾರಿ ಇಲ್ಲ."

ತೊಟ್ಟಿಯ ಮರಳು, ಕಲ್ಲು ಎರಡನ್ನೂ ತೆಗೆದು ಉಜ್ಜಿಬಿಡಬಹುದಲ್ಲ ಎಂದು ಭುಜಂಗ ಕೇಳಿದ. ಅದು ಸಮುದ್ರವೇ ಇಟ್ಟುಹೋದ ಮರಳು, ಯಾರೂ ಮುಟ್ಟುವುದಿಲ್ಲ. ನಾವಿಬ್ಬರೂ ಅವನನ್ನು ನೋಡಿದೆವು, ಅವನು ಬಲೆ ಹಿಡಿದುಕೊಂಡ.

ಅರಿಶಿಣಿ ಟಬ್ಬಿಗೆ ಬಂತು. ನೆಂಟರು ಬರುವುದು ನಿಂತಿತು. ಬೀದಿಯವರು ನಮ್ಮ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಬಕುಳೆ ದಿನವೂ ಟಬ್ಬಿನ ಪಕ್ಕ ಮೊಣಕಾಲೂರಿ ಬೆರಳ ತುದಿಯಲ್ಲಿ ಆಹಾರ ಹಿಡಿದಾಗ ನಾನು ಕಂಬಕ್ಕೊರಗಿ ನೋಡುತ್ತಿದ್ದೆ. ಮೀನು ಒಂದು ಚೂರು ತಿಂದರೆ ಬದುಕಿತು ಎನ್ನುವ ಸಂತೋಷ. ತಿಂದದ್ದು ಇವಳ ಕೈಯಿಂದ ಎನ್ನುವ ಹೆದರಿಕೆ. ಅವಳ ಕೈಯಲ್ಲಿ ಮದುವೆಯ ಹಸಿರು ಬಳೆ ಇನ್ನೂ ತುಂಬಾ ಇದ್ದವು. ನಾನು ಅವುಗಳನ್ನು ನೋಡದಿರಲು ಕಲಿತೆ. ಕಣ್ಣು ಮುಚ್ಚಿದರೆ ಅವು ಬೆಂಚಿನ ಮೇಲೆ ಸಾಲಾಗಿ ಕಾಣುತ್ತಿದ್ದವು.

ಮೂರನೆಯ ಬದಲಾವಣೆಗೆ ಅರ್ಧದಷ್ಟು ಚುಕ್ಕೆಗಳು ಹೋಗಿದ್ದವು. ಐದನೆಯದಕ್ಕೆ ಮೈ ಹಳದಿಯಾಯಿತು, ಬಾಲದಂಚು ಮಾತ್ರ ಹರಿದು ಚಿಂದಿಯಾಗಿತ್ತು. ಉಜ್ಜುವುದು ನಿಂತಿತು. ನನಗೆ ಧೈರ್ಯ ಬರಬೇಕಿತ್ತು, ಬರಲಿಲ್ಲ. ಗೋಡೆಯ ತೊಟ್ಟಿ ಎದುರಿಗೇ ಇತ್ತು. ತಿಳಿನೀರು, ತಣ್ಣಗಿನ ಮರಳು, ಒಂದು ಜೀವವಿಲ್ಲ. ಅದರೊಳಗೆ ಎಷ್ಟು ಸಾವಿರ ಬಾಯಿ ಹಸಿದು ಕಾಯುತ್ತಿವೆ ಎಂದು ಬಕುಳೆಯ ಮಾತಿನಿಂದ ನನಗೆ ಗೊತ್ತಿತ್ತು. ಕಸ ಗುಡಿಸುವಾಗಲೂ ಅದಕ್ಕೆ ಬೆನ್ನು ಹಾಕುತ್ತಿರಲಿಲ್ಲ.

ಸಮುದ್ರ ಬರುವ ದಿನ ಬೆಳಿಗ್ಗೆ ಬಕುಳೆ ಮೀನನ್ನು ತೊಟ್ಟಿಗೆ ಬಿಟ್ಟಳು. ಬಲೆಯಿಂದ ಜಾರಿದ ಅರಿಶಿಣಿ ನೇರವಾಗಿ ತಳಕ್ಕೆ ಹೋಗಿ, ಕಲ್ಲಿನ ಸಂದಿಯಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಕಿವಿರು ಮತ್ತೆ ಬೇಗ ಬಡಿಯತೊಡಗಿತು. ಹೊಸ ನೀರಿನ ಗಾಬರಿಯೋ, ಹುಳ ಆಗಲೇ ಹತ್ತಿತೋ ನಮಗೆ ತಿಳಿಯಲಿಲ್ಲ. ವಾಲಿದ್ದು ನೇರವಾಗಲಿಲ್ಲ. ಬಕುಳೆಯ ತುಟಿ ಬಿಳಿಚಿತು. ಭುಜಂಗ ಡಬ್ಬಗಳನ್ನು ಅಟ್ಟಕ್ಕೇರಿಸುತ್ತಿದ್ದವನು ಏಣಿಯ ಮೇಲೇ ನಿಂತುಬಿಟ್ಟ.

ನಾನು ಭರಣಿ ತೆಗೆದುಕೊಂಡೆ.

"ಅತ್ತೆ, ಬೇಡ. ಮುಟ್ಬೇಡಿ," ಎಂದಳು ಬಕುಳೆ.

"ನಿನ್ನ ಬಿಂದಿಗೆಯಿಂದ ಬಂದಿದ್ದಲ್ಲ ಕಣಮ್ಮ ಇದು," ಎಂದೆ. "ಧಾರೆಗೆ ಎರಡು ದಿನ ಮುಂಚೆನೇ ಮೂರು ಚುಕ್ಕೆ ನೋಡಿದ್ದೆ. ನಾನು ಮನೆಮನೆಯಿಂದ ತಂದ ಚೊಂಬಲ್ಲಿ ಬಂತು. ಸೀರೆ ಕಟ್ಟಿ ಮುಚ್ಚಿಟ್ಟೆ. ಮುಚ್ಚಿಟ್ಟು ನಿನ್ನ ಕೈಗೆ ಕೊಟ್ಟೆ. ಬೀದಿಯವರು ನಿನ್ನ ಅಂದಾಗ ಸುಮ್ಮನಿದ್ದೆ."

ಭುಜಂಗ ಏಣಿಯಿಂದ ಇಳಿದ. ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

"ಗೊತ್ತಿತ್ತು ಅತ್ತೆ," ಎಂದಳು ಬಕುಳೆ. "ನನ್ನ ಬಿಂದಿಗೆಲಿ ತೊಟ್ಟಿ ನೀರೇ ಇರ್ಲಿಲ್ಲ. ಹಿಂದೆ ಇದೇ ಹುಳದಿಂದ ನಮ್ಮ ಅತ್ತೆ ಹೋದ್ರು, ಅಪ್ಪನ ಅಕ್ಕ. ಬೇವು, ಅರಿಶಿನ ಅಂತ ದಿನ ಕಳೆದ್ವಿ. ಆವತ್ತಿಂದ ಅಪ್ಪ ಯಾರ ಮನೆ ನೀರನ್ನೂ ತೊಟ್ಟಿಗೆ ಬಿಟ್ಟಿಲ್ಲ, ನಮ್ಮ ನೀರನ್ನೂ ಯಾರಿಗೂ ಕೊಟ್ಟಿಲ್ಲ. ನನ್ನ ಕಳಿಸುವಾಗ ಹೊಸ ಉಪ್ಪು ಕರಗಿಸಿ ತುಂಬಿಸಿದ್ರು. ಪದ್ಧತಿ ಮುರಿದ್ವಿ ಅಂತ ಹೇಳೋಕೆ ನಂಗೂ ಬಾಯಿ ಬರ್ಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ."

ನಾನು ಅವಳ ಮುಖ ನೋಡಲಾರದೆ ತೊಟ್ಟಿಯ ಕಡೆ ತಿರುಗಿದೆ. ಒಂದು ಚಿಟಿಕೆ ಆಹಾರವನ್ನು ಬೆರಳಲ್ಲಿ ಹಿಡಿದು ಮೊಣಕೈವರೆಗೂ ನೀರಿಗಿಳಿಸಿದೆ. ಅರಿಶಿಣಿ ಅಲುಗಲಿಲ್ಲ. ಬೀದಿಯ ಆ ತುದಿಯಿಂದ ಒಬ್ಬೊಬ್ಬರೇ ಮಾತು ನಿಲ್ಲಿಸುವುದು ಕೇಳಿಸಿತು. ಸಮುದ್ರ ಬರುವಾಗ ಸದ್ದೇ ಇರುವುದಿಲ್ಲ. ಮನೆಗಳು ಮೌನವಾಗುವುದರಿಂದ ಅದು ಎಲ್ಲಿಗೆ ಬಂತೆಂದು ತಿಳಿಯುತ್ತದೆ. ಸೀತಾಳಮ್ಮನ ಮನೆ ಮೌನವಾಯಿತು. ಆಹಾರ ಕರಗಿ ಮಸುಕಾಗಿ ಹರಡುತ್ತಿತ್ತು. ಇನ್ನೊಂದು ಚಿಟಿಕೆ ತೆಗೆದೆ. ಬಾ ತಾಯಿ, ಇಪ್ಪತ್ತೆಂಟು ವರ್ಷ ತಿಂದಿದ್ದೀಯ, ಇನ್ನೊಂದು ಸಲ ತಿನ್ನು ಎಂದು ಬೇಡಿದೆ. ಹೊಸಿಲ ಮೇಲೆ ನೀರು ಬಂತು. ತಣ್ಣಗೆ ನನ್ನ ಪಾದ ಮುಟ್ಟಿತು. ಭುಜಂಗ ಬಕುಳೆಯನ್ನು ಬೆಂಚಿನ ಮೇಲೆ ಎಳೆದುಕೊಂಡ. ನಾನು ನೆಲದ ಮೇಲೇ ಇದ್ದೆ.

ನೀರು ಮೊಣಕಾಲಿಗೆ ಬಂದಾಗ ಅರಿಶಿಣಿ ಸಂದಿಯಿಂದ ಹೊರಟಿತು. ವಾಲಿಕೊಂಡೇ ಮೇಲೆ ಬಂತು. ನನ್ನ ಬೆರಳನ್ನು ಒಂದು ಸಲ ಸುತ್ತಿ, ಮುನಿಸಿನ ಮುಖದಲ್ಲೇ ಕಚ್ಚಿತು. ಆ ಚುರುಕ್ಕನೆಯ ಕಡಿತ ನನಗೆ ಗೊತ್ತು. ಹಿಂದಿನಿಂದ ಬಕುಳೆ ಅಳುವುದು ಕೇಳಿಸಿತು.

ನಾನು ಬೆಂಚು ಹತ್ತಲಿಲ್ಲ. ಸಮುದ್ರ ನನ್ನ ಸೊಂಟ ದಾಟಿ, ಎದೆಗೆ ಬಂದು, ಗಾಜಿನ ಅಂಚಿಗೆ ಸರಿಯಾಗಿ ನಿಂತಿತು. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟ. ಅದು ಬಹಳ ಹೊತ್ತು ನೋಡಿತು. ಪ್ರತಿ ವರ್ಷಕ್ಕಿಂತ ಹೆಚ್ಚು ಹೊತ್ತೋ, ನನಗೆ ಹಾಗನ್ನಿಸಿತೋ. ಹರಿದ ಬಾಲವನ್ನು ನೋಡಿತೇನೋ. ನಾನು ತುಂಗಮ್ಮನನ್ನು ನೆನೆದೆ. ಅವರು ಯಾಕೆ ಕೂಗಲಿಲ್ಲ ಎಂದು ಆಗ ಗೊತ್ತಾಯಿತು. ಕೂಗಲು ಉಸಿರು ಬೇಕು, ನನ್ನ ಉಸಿರೆಲ್ಲ ಆ ಕಿವಿರುಗಳ ಮೇಲೆ ನಿಂತಿತ್ತು. ಅವು ಮುಚ್ಚಿದವು. ತೆರೆದವು. ಮತ್ತೆ ಮುಚ್ಚಿ ತೆರೆದವು. ನೀರು ನನ್ನ ಎದೆಯಿಂದ ಒಂದು ಬೆರಳು ಇಳಿಯಿತು, ಆಮೇಲೆ ಇನ್ನೊಂದು ಬೆರಳು.

ಅದು ಹೋದ ಮೇಲೆ ಮೂವರೂ ಒದ್ದೆ ನೆಲದಲ್ಲೇ ಕೂತೆವು. ಭುಜಂಗ ಅಟ್ಟದಿಂದ ಡಬ್ಬ ಇಳಿಸಿ ಕಾಫಿ ಮಾಡಿದ, ಸಕ್ಕರೆ ಮರೆತಿದ್ದ, ನಾವು ಕುಡಿದೆವು. "ಭರಣಿ ಕೊಡಿ ಅತ್ತೆ," ಎಂದು ಬಕುಳೆ ಕೈ ಚಾಚಿದಳು. ಕೊಡಲಿಲ್ಲ. ಮತ್ತೆ ಒಂದು ವರ್ಷದ ಹೆದರಿಕೆ ನನ್ನ ಮಡಿಲಲ್ಲಿತ್ತು. ಬೇಡವೆನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ನನ್ನದು.

ಆವತ್ತು ಸಂಜೆಯೇ ಅರಿಶಿಣಿಯನ್ನು ಮತ್ತೆ ಟಬ್ಬಿಗೆ ಬಿಟ್ಟಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ಟಬ್ಬಿನ ಮುಂದೆ ಕೂತಿದ್ದಾಗ ಅರಿಶಿಣಿಯ ರೆಕ್ಕೆಯ ಬುಡದಲ್ಲಿ ಕಂಡಿತು. ಒಂದೇ ಒಂದು, ರವೆಯಷ್ಟು. ತೊಟ್ಟಿಯಲ್ಲಿ ಕಳೆದ ಒಂದು ಹಗಲು ಸಾಕಾಗಿತ್ತು. ಕೈ ತಾನಾಗಿಯೇ ಸೆರಗಿನ ಕಡೆ ಹೋಯಿತು, ಮುಚ್ಚುವುದಕ್ಕೆ. ಎದ್ದು ಬಾಗಿಲಿಗೆ ಹೋದೆ. ಬಕುಳೆ ಅಂಗಳದಲ್ಲಿ ಇನ್ನೊಂದು ಟಬ್ಬು ಒಣಗಿಸುತ್ತಿದ್ದಳು. ಎದುರುಮನೆಗೂ, ಅದರಾಚೆಗೂ ಕೇಳುವಂತೆ ಕೂಗಿ ಹೇಳಿದೆ: "ಬಕುಳಾ, ಚುಕ್ಕೆ ಬಂದಿದೆ ಕಣೇ. ನಮ್ಮನೆ ಮೀನಿಗೆ ಮತ್ತೆ ಚುಕ್ಕೆ ಬಂದಿದೆ."

ಬೀದಿಯಲ್ಲಿ ನಡೆಯುತ್ತಿದ್ದ ಇಬ್ಬರು ನಿಂತರು. ಬಕುಳೆ ತಲೆಯೆತ್ತಿ ನನ್ನನ್ನು ನೋಡಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಎದುರುಮನೆಯ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿಯೇ ಇತ್ತು. ಆಮೇಲೆ ತೆರೆಯಿತು. ಅವರ ನಡುಮನೆಯ ತೊಟ್ಟಿಯ ಮುಂದೂ ಒಂದು ಹಳೆಯ ಸೀರೆ ಇಳಿಬಿಟ್ಟಿದ್ದದ್ದು ನಮ್ಮ ಹೊಸಿಲಿಂದಲೇ ಕಂಡಿತು. ಸೀತಾಳಮ್ಮ ಬೀದಿ ದಾಟಿ ಬಂದು, ನನ್ನ ಮುಖವನ್ನೂ ನೋಡದೆ, ನನ್ನ ಸೊಸೆಯ ಮುಂದೆ ನಿಂತಳು.

"ಟಬ್ಬು ಎಷ್ಟು ಬೇಕಾಗುತ್ತಮ್ಮ," ಎಂದು ಕೇಳಿದಳು.